ಮಗಳಿಗೊಂದು ಪತ್ರ: ಸಾವಿರ ಓಮೆರ್

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಇದೆ. "ಮಾಂಸ ಬೇಕು ಅಂತ ಅತ್ತಿದ್ದಕ್ಕೆ ದೇವರು ಜನರನ್ನು ಸಾಯಿಸೋದಾ ಅಪ್ಪಾ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ನಿನ್ನೆ ರಾತ್ರಿ ಬೈಬಲಿನ ಅರಣ್ಯಕಾಂಡದ 11ನೇ ಅಧ್ಯಾಯವನ್ನು ಮತ್ತೆ ನಿಧಾನವಾಗಿ ಓದಿದೆ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ನಡೆಯುತ್ತಿದ್ದ ಇಸ್ರಾಯೇಲ್ಯರ ಕಥೆ ಅದು.

ಮೊದಲು ಮನ್ನದ, ಅಂದರೆ ಮರುಭೂಮಿಯಲ್ಲಿ ದೇವರು ಅವರಿಗೆ ಕೊಟ್ಟ ಆಹಾರದ, ಲೆಕ್ಕ ನೋಡು. ಬೈಬಲಿನ ಇನ್ನೊಂದು ಪುಸ್ತಕ ವಿಮೋಚನಕಾಂಡದಲ್ಲಿ ತಲೆಗೆ ದಿನಕ್ಕೆ ಒಂದು ಓಮೆರ್, ನಮ್ಮ ಅಳತೆಯಲ್ಲಿ ಸುಮಾರು 2 ಲೀಟರ್. ನೋಡಲು ಕೊತ್ತಂಬರಿ ಬೀಜದ ಹಾಗೆ. ಬೀಸುಕಲ್ಲಿನಲ್ಲಿ ಬೀಸಿಯೋ ಒರಳಲ್ಲಿ ಕುಟ್ಟಿಯೋ ರೊಟ್ಟಿ ಮಾಡುತ್ತಿದ್ದರು. ನಾಳೆಗಿರಲಿ ಅಂತ ಎತ್ತಿಟ್ಟವರದ್ದು ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಶಿಕ್ಷೆ ಅಷ್ಟೇ. ಮನ್ನ ನಿಲ್ಲಲಿಲ್ಲ. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಕೂಡಿಸಿದ ಎರಡು ಓಮೆರ್ ಮಾತ್ರ ಕೆಡಲಿಲ್ಲ.

ಆಗಲೂ ಮಾಂಸಕ್ಕೆ ಅಂತ ಲಾವಕ್ಕಿ ಬಂದಿದ್ದವು. ಜನ ತಿಂದರು, ಯಾರೂ ಸಾಯಲಿಲ್ಲ. ಹಾಗಾದರೆ ಮಾಂಸ ಕೇಳಿದ್ದೇ ತಪ್ಪಲ್ಲ, ಅಲ್ವಾ?

ಅರಣ್ಯಕಾಂಡದಲ್ಲಿ ಅವರು ಅತ್ತದ್ದೇ ಬೇರೆ. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದರು. ಬಿಟ್ಟಿಯಾಗಿ ತಿನ್ನುತ್ತಿದ್ದೆವು, ಯಾಕಾದರೂ ಹೊರಟು ಬಂದೆವೋ ಅಂದರು. ಬಿಟ್ಟಿಯಾಗಿ! ಗುಲಾಮರಾಗಿ ಇಟ್ಟಿಗೆ ಮಾಡಿದ ಊರು ಅದು. ಅವರ ಗಂಡು ಹಸುಗೂಸುಗಳನ್ನು ನದಿಗೆ ಎಸೆಯಿರಿ ಅಂದ ನಾಡು. ನೆನಪಿಗೆ ಬಂದದ್ದು ಬೆಳ್ಳುಳ್ಳಿ. ಇಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸಿಗೆ ನೋವಾಗುತ್ತದೆ.

ಮತ್ತೆ ಲಾವಕ್ಕಿ ಬಂದವು. ಒಂದು ಹಗಲು, ಇಡೀ ರಾತ್ರಿ, ಮತ್ತೊಂದು ಹಗಲು ಕೂಡಿಸಿದರು. ಎಲ್ಲರಿಗಿಂತ ಕಡಿಮೆ ಕೂಡಿಸಿದವನ ಹತ್ತಿರವೇ 10 ಹೋಮೆರ್. ಒಂದು ಹೋಮೆರ್ ಅಂದರೆ 100 ಓಮೆರ್. ಲೆಕ್ಕ ಹಾಕಿ ಬೆಚ್ಚಿದೆ ಪುಟ್ಟಿ. ದಿನಕ್ಕೆ ಒಂದು ಓಮೆರಿನಲ್ಲಿ ಬದುಕಿದ್ದವರ ಮುಂದೆ ಸಾವಿರ ಓಮೆರಿನ ರಾಶಿ. ಹುಳ ಬಿದ್ದ ಆ ಬೆಳಗು ಯಾರಿಗೂ ನೆನಪಿರಲಿಲ್ಲ. ಮಾಂಸ ಇನ್ನೂ ಹಲ್ಲಿನ ನಡುವೆ ಇರುವಾಗಲೇ ವ್ಯಾಧಿ ಬಂತು. ಆ ಜಾಗದ ಹೆಸರು ಕಿಬ್ರೋತ್ ಹತಾವಾ, ಅಂದರೆ ಆಸೆಯ ಸಮಾಧಿಗಳು.

ಇಷ್ಟೆಲ್ಲ ಹೇಳಿದರೂ ಆ ಸಾವುಗಳು ನನಗೂ ಭಾರವೇ. ಸುಮ್ನೆ ಹಗುರ ಮಾಡಿ ಹೇಳಲಾರೆ. ಆದರೆ ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆಯೂ ದೂರಿದ್ದಾನೆ. ಈ ಜನರನ್ನೆಲ್ಲ ನಾನೇ ಹೆತ್ತೆನೇ, ಒಬ್ಬನೇ ಹೊರಲಾರೆ, ನನ್ನನ್ನು ಕೊಂದುಬಿಡು ಅಂದ. ದೇವರು ಗದರಲಿಲ್ಲ. ಹೊರೆ ಹಂಚಿಕೊಳ್ಳಲು 70 ಹಿರಿಯರನ್ನು ಜೊತೆ ಮಾಡಿದರು. ಅದಕ್ಕೇ, ನೀನು ದೇವರನ್ನು ಹಾಗೆ ಕೇಳಿದ್ದಕ್ಕೆ ನನಗೆ ಹೆದರಿಕೆ ಇಲ್ಲ. ಇನ್ನೂ ಕೇಳು.

ಒಂದು ಓಮೆರ್ ಮನ್ನವನ್ನು ಪಾತ್ರೆಯಲ್ಲಿ ತುಂಬಿ ದೇವರ ಸನ್ನಿಧಿಯಲ್ಲಿ ಇಡಿಸಿದರಂತೆ, ಮುಂದೆ ಹುಟ್ಟುವ ಮಕ್ಕಳು ನೋಡಲಿ ಅಂತ. ಒಬ್ಬರ ಒಂದು ದಿನದ ಊಟ. ನೀನು ಊರಿಗೆ ಬಂದಾಗ ಆ ಭಾಗವನ್ನು ಜೊತೆಗೆ ಕೂತು ಓದೋಣ.

ನಿನ್ನ
ಅಪ್ಪ