ನೀನು ಕೇಳಿದ ಲಿಂಕು, ಮತ್ತು ಕದವಿರುವ ಒಂದು ಕೋಣೆ

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಕಾಲೇಜಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಆಪ್ತ ಸಮಾಲೋಚನೆ ಸಿಗುವ ಒಳ್ಳೆಯ ಲಿಂಕ್ ಇದ್ದರೆ ಕಳಿಸು, ಗ್ರೂಪಿಗೆ ಹಾಕಿಬಿಡುತ್ತೇನೆ ಎಂದು ನೀನು ಕೇಳಿ ಹದಿನೈದು ದಿನಗಳಾದವು. ಇಷ್ಟು ದಿನ ಏಕೆ ಬೇಕಾಯಿತು ಎಂದು ನೀನು ವಿಚಾರಿಸಲಿಲ್ಲ. ಮೂರನೇ ಬೆಂಚಿನ ಒಪ್ಪಂದವನ್ನು ಇಂದಿಗೂ ಪಾಲಿಸುತ್ತಿದ್ದೀಯ ಎಂದುಕೊಂಡೆ. ಇದೇ ಪ್ರಶ್ನೆಯನ್ನು ಈ ವರ್ಷ ಇನ್ನೂ ನಾಲ್ವರು ಉಪನ್ಯಾಸಕರು ಕೇಳಿರುವುದರಿಂದ ಉತ್ತರವನ್ನು ಎಲ್ಲರಿಗೂ ಕಾಣುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಕೇಳಿದ್ದನ್ನು ಮೊದಲು ಕೊಟ್ಟುಬಿಡುತ್ತೇನೆ: 14416. ಟೆಲಿ ಮಾನಸ್ ಸಹಾಯವಾಣಿ. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಬರೆಸು, ಆದರೆ ಶೌಚಾಲಯದ ಕದದ ಒಳಬದಿಯಲ್ಲಿಯೂ ಒಂದು ಚೀಟಿ ಅಂಟಿಸು. ನೋಟಿಸ್ ಬೋರ್ಡಿನ ಮುಂದೆ ನಿಂತು ಆ ಸಂಖ್ಯೆಯನ್ನು ಬರೆದುಕೊಳ್ಳುವ ಧೈರ್ಯ ಹದಿನೇಳರ ಹುಡುಗನಿಗೆ ಸುಲಭವಾಗಿ ಬರುವುದಿಲ್ಲ.

ಆದರೆ ಲಿಂಕು ಹಾಕಿದರೆ ಮಕ್ಕಳು ಬರುತ್ತಾರೆ, ಬಂದವರು ಉಳಿಯುತ್ತಾರೆ ಎಂಬ ನಂಬಿಕೆ ನನಗೆ ಉಳಿದಿಲ್ಲ. ಮಾನಸಿಕ ಆರೋಗ್ಯಕ್ಕೆಂದೇ ಇರುವ 93 ಆ್ಯಪ್‌ಗಳ ಬಳಕೆಯನ್ನು ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಗಿತ್ತು. ಇಳಿಸಿಕೊಂಡ ಹದಿನೈದನೆಯ ದಿನಕ್ಕೆ ಅವುಗಳನ್ನು ಇನ್ನೂ ತೆರೆಯುತ್ತಿದ್ದವರ ಪ್ರಮಾಣ, ಆ್ಯಪ್‌ಗಳ ಸಾಲಿನಲ್ಲಿ ನಟ್ಟನಡುವಿನದನ್ನು ತೆಗೆದುಕೊಂಡರೆ, ಶೇಕಡಾ 3.9 ಮಾತ್ರ. ಮೊದಲ ಸಲ ಅದನ್ನು ಓದಿದಾಗ ನಾನು ಮಕ್ಕಳ ಚಂಚಲತೆಯನ್ನೇ ದೂರಿದ್ದೆ. ನಾನು ಆನ್‌ಲೈನಿನಲ್ಲಿ ನಡೆಸುವ ಸಮಾಲೋಚನೆಯ ರಿಜಿಸ್ಟರಿನಲ್ಲಿಯೂ ‘ಮಧ್ಯದಲ್ಲಿ ಬಿಟ್ಟವರು’ ಎಂಬ ಒಂದು ಕಾಲಂ ಇದೆ. ಅದರಲ್ಲಿ ಹೆಸರು ಬರೆಯುವಾಗ ಕೈ ಎಂದೂ ತಡೆದದ್ದಿಲ್ಲ.

ತಡೆಯುವಂತೆ ಮಾಡಿದವಳು ಒಬ್ಬ ಹುಡುಗಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಡಿಗ್ರಿ ಎರಡನೆಯ ವರ್ಷ, ಹಾಸ್ಟೆಲಿನ ವಾಸ. ಎರಡನೆಯ ಭೇಟಿಯಲ್ಲಿ ನಾನು ಕ್ಯಾಮೆರಾ ಹಾಕಲು ಕೇಳಿದೆ. “ಇಲ್ಲಿ ಕತ್ತಲಿದೆ ಸರ್” ಎಂದಳು. ಮಾತಿನ ನಡುವೆ ಆಗಾಗ ಮೈಕ್ ಮುಚ್ಚಿ ಎರಡೆರಡು ನಿಮಿಷ ಸುಮ್ಮನಿರುತ್ತಿದ್ದಳು. ‘ಮನಸ್ಸು ಬಿಚ್ಚಲು ಹಿಂಜರಿಕೆ’ ಎಂದು ನಾನು ಫೈಲಿನಲ್ಲಿ ಬರೆದೆ. ಮೂರನೆಯ ವಾರ ಅವಳು ಬರಲಿಲ್ಲ, ಕಾಲಂ ತುಂಬಿತು. ಎರಡು ತಿಂಗಳ ನಂತರ ತಾನಾಗಿಯೇ ಮರಳಿ ಬಂದಾಗ ತಿಳಿದದ್ದೇನೆಂದರೆ, ಒಂದು ಕೋಣೆಯಲ್ಲಿ ಐವರಿರುವುದರಿಂದ ಅವಳು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ನನ್ನೊಂದಿಗೆ ಮಾತನಾಡುತ್ತಿದ್ದಳು. ಮೋಟಾರು ಶುರುವಾದಾಗ ನನಗೆ ಸದ್ದು ತಾಗಬಾರದೆಂದು ಮೈಕ್ ಮುಚ್ಚುತ್ತಿದ್ದಳು. ಎಂಟು ಗಂಟೆಗೆ ವಾರ್ಡನ್ ತಾರಸಿಗೆ ಬೀಗ ಹಾಕುತ್ತಿದ್ದರು. ನಾನು ಕೊಟ್ಟಿದ್ದ ಸಮಯ ಏಳೂ ಮುಕ್ಕಾಲು. ಹಿಂಜರಿಕೆ ಎಂದು ನಾನು ಬರೆದದ್ದು ಅವಳು ನನಗೆ ತೋರಿದ ಮರ್ಯಾದೆಯಾಗಿತ್ತು. ಎಲ್ಲಿ ಕುಳಿತಿದ್ದೀಯ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂದಿನಿಂದ ನನ್ನ ಮೊದಲ ಪ್ರಶ್ನೆಗಳೇ ಬೇರೆಯಾಗಿವೆ. ಎಲ್ಲಿಂದ ಮಾತನಾಡುತ್ತಿದ್ದೀಯ, ಮೊಬೈಲ್ ಯಾರದು, ನಾನು ಕಳಿಸಿದ ಸಂದೇಶವನ್ನು ಬೇರೆ ಯಾರಾದರೂ ನೋಡುತ್ತಾರೆಯೇ, ಯಾರಾದರೂ ಒಳಗೆ ಬಂದರೆ ನನಗೆ ತಿಳಿಸಲು ಯಾವ ಮಾತು ಆಡುತ್ತೀಯ. ಒಬ್ಬ ಹುಡುಗ “ಸಬ್‌ಮಿಷನ್ ಯಾವತ್ತು?” ಎಂದರೆ ಅಪ್ಪ ಬಂದರು ಎಂದರ್ಥ. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಈಗ ನಾನು ಮೊದಲೇ ಕಳಿಸುವುದಿಲ್ಲ. ಹಿಂದೊಮ್ಮೆ ಕಳಿಸಿದಾಗ ಒಬ್ಬನು ಒಂಬತ್ತಕ್ಕೂ ಸೊನ್ನೆ, ಅಂದರೆ ಯಾವ ತೊಂದರೆಯೂ ಇಲ್ಲ ಎಂದು ತುಂಬಿ, “ಇದು ಮುಗಿದ ಮೇಲೆ ಮಾತಾಡಬಹುದಾ ಸರ್?” ಎಂದು ಕೆಳಗೆ ಬರೆದಿದ್ದ. ಆ ಒಂದು ಸಾಲಿನಲ್ಲಿ ಇದ್ದದ್ದು ಸೊನ್ನೆಯಂತೂ ಅಲ್ಲ.

ನಿನ್ನ ಪಿಯು ಮಕ್ಕಳ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ವೈದ್ಯರಿಗಾಗಿ 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅಪ್ರಾಪ್ತರೊಂದಿಗೆ ದೂರದಿಂದ ಸಮಾಲೋಚಿಸುವಾಗ ವಯಸ್ಕರೊಬ್ಬರು ಜೊತೆಯಲ್ಲಿ ಇರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿಯೂ ಹದಿನೆಂಟು ತುಂಬದವರ ಪರವಾಗಿ ತೀರ್ಮಾನ ಮಾಡುವವರು ಸಾಮಾನ್ಯವಾಗಿ ಪೋಷಕರೇ. ನಿಯಮದ ಉದ್ದೇಶ ರಕ್ಷಣೆ ಎಂಬುದನ್ನು ನಾನು ಗೌರವಿಸುತ್ತೇನೆ. ಆದರೆ “ಮನೆಯಲ್ಲಿ ಹೇಳಬೇಡಿ ಸರ್” ಎಂಬುದೇ ಎಷ್ಟೋ ಮಕ್ಕಳ ಮೊದಲ ಮಾತು. ಜೀವಕ್ಕೆ ಅಪಾಯವಿದೆ ಎನಿಸಿದರೆ ಗುಟ್ಟನ್ನು ಉಳಿಸಲಾರೆ, ಉಳಿದದ್ದರಲ್ಲಿ ನಿನ್ನನ್ನು ಕೇಳದೆ ಹೆಜ್ಜೆ ಇಡುವುದಿಲ್ಲ ಎಂದು ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಆಮೇಲೆ ಮನೆಯವರಲ್ಲಿ ಯಾರಿಗೆ ಹೇಳಿದರೆ ಆದೀತು ಎಂದು ಇಬ್ಬರೂ ಸೇರಿ ಹುಡುಕುತ್ತೇವೆ. ಬಹಳ ಸಲ ಚಿಕ್ಕಮ್ಮನೋ ಸೋದರಮಾವನೋ ಸಿಗುತ್ತಾರೆ.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದು ಕುಳಿತಿದ್ದೆ. ಆದರೆ ಹದಿನೈದು ದಿನ ತಡವಾದದ್ದಕ್ಕೆ ಕಾರಣ ಇದಲ್ಲ.

ಅಪ್ಪ ತೀರಿಕೊಂಡ ನಂತರ ನೀನು ಫೋನ್ ಮಾಡಿದಾಗಲೆಲ್ಲ ಆರಾಮಿದ್ದೇನೆ ಎಂದೆನಲ್ಲ, ಆ ದಿನಗಳಲ್ಲಿ ನಾನೂ ಆನ್‌ಲೈನಿನಲ್ಲಿ ದೂರದ ಊರಿನ ಒಬ್ಬ ಸಮಾಲೋಚಕಿಯನ್ನು ಕಂಡಿದ್ದೆ. ಮೊದಲ ದಿನ ಬ್ಯಾಂಕಿನ ಕಾಗದ, ಪಿಂಚಣಿ, ಉಳಿದುಹೋದ ಮಾತ್ರೆಗಳ ಬಗ್ಗೆ ಮಾತನಾಡಿದೆ. ಎರಡನೆಯ ದಿನ ಅವರು, “ಅಪ್ಪ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?” ಎಂದು ಕೇಳಿದರು. ನಿಮ್ಮ ಧ್ವನಿ ಒಡೆದು ಬರುತ್ತಿದೆ, ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಕರೆ ಮುಗಿಸಿದೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಕದವಿರುವ ಕೋಣೆ ಇತ್ತು, ನನ್ನದೇ ಫೋನ್ ಇತ್ತು, ಈ ಕೆಲಸದಲ್ಲಿ ಹನ್ನೊಂದು ವರ್ಷದ ಅನುಭವವೂ ಇತ್ತು. ಮತ್ತೆ ಹೋಗಲಿಲ್ಲ. ‘ನೀವು ಸೆಷನ್ ತಪ್ಪಿಸಿಕೊಂಡಿದ್ದೀರಿ, ಹೊಸ ಸಮಯಕ್ಕಾಗಿ ಇಲ್ಲಿ ಒತ್ತಿ’ ಎಂದು ಯಂತ್ರ ಮೂರು ಸಲ ಸಂದೇಶ ಕಳಿಸಿತು. ಆ ತುದಿಯಲ್ಲಿ ಒಬ್ಬರು ನನಗಾಗಿ ಕಾದಿದ್ದರು ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆನೋ ಏನೋ. ಅವರು ಕೇಳಿದ ಆ ಪ್ರಶ್ನೆಗೆ ಉತ್ತರವನ್ನು ಇಂದಿಗೂ ಯಾರಿಗೂ ಹೇಳಿಲ್ಲ. ನಿನಗೆ ಗೊತ್ತು, ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ನನ್ನನ್ನು ಕರೆಯುವುದನ್ನು ನೀನು ಕೇಳಿದ್ದೀಯ.

ಈಗ ಬಾರದವರಿಗೆ ನಾನೇ ಬರೆಯುತ್ತೇನೆ, ಮೊಬೈಲ್ ಅವರದೇ ಆಗಿದ್ದರೆ ಮಾತ್ರ: “ನಿನ್ನೆ ಐದಕ್ಕೆ ಕಾದಿದ್ದೆ. ಬರುವ ವಾರವೂ ಆ ಹೊತ್ತು ನಿನ್ನದೇ. ಮಾತು ಬೇಡವಾದರೆ ಒಂದು ಚುಕ್ಕಿ ಕಳಿಸು, ಸಾಕು.” ಒಬ್ಬ ಹುಡುಗ ನಾಲ್ಕು ವಾರ ಚುಕ್ಕಿಯನ್ನಷ್ಟೇ ಕಳಿಸಿದ. ಐದನೆಯ ವಾರ ಬಂದ. ಜೊತೆಯಲ್ಲಿ ಒಬ್ಬ ಮನುಷ್ಯನ ಆಸರೆ ಇದ್ದಾಗ ಆನ್‌ಲೈನ್ ಚಿಕಿತ್ಸೆಯಲ್ಲಿ ಜನ ಹೆಚ್ಚು ದಿನ ಉಳಿಯುತ್ತಾರೆ ಎಂದು ಸಂಶೋಧನೆಗಳೂ ಹೇಳುತ್ತವೆ. ಅದನ್ನು ಓದಿ ತಿಳಿದಿದ್ದೆ, ನಾನೇ ಬಿಟ್ಟುಹೋದ ಮೇಲೆ ಅರಿತೆ.

ಸಾಕು, ಬರೆಯಬೇಕೆಂದದ್ದಕ್ಕಿಂತ ಹೆಚ್ಚೇ ಬರೆದೆ. ಇಲ್ಲಿ ಮಳೆ ಹಿಡಿದಿದೆ, ಗಿರಮಿಟ್ ಅಂಗಡಿಯವನು ನಿನ್ನನ್ನು ಕೇಳಿದ. ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ, ಕೊಡುವುದಿಲ್ಲ.

ನಿನ್ನಿಂದ ಆಗಬೇಕಾದ ಕೆಲಸ ಒಂದೇ. ನಿಮ್ಮ ಕಾಲೇಜಿನಲ್ಲಿ ಹಳೆಯ ಭೂಪಟಗಳನ್ನಿಟ್ಟು ಮುಚ್ಚಿರುವ ಆ ಚಿಕ್ಕ ಕೋಣೆ ಇದೆಯಲ್ಲ, ಅದಕ್ಕೆ ಒಳಚಿಲಕ ಸರಿಯಾಗಿದೆಯೇ ನೋಡು, ವೈಫೈ ಅಲ್ಲಿಯವರೆಗೆ ಬರುತ್ತದೆಯೇ ನೋಡು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಸೋಮವಾರದೊಳಗೆ ತಿಳಿಸು. ಮಧ್ಯಾಹ್ನ ನಾಲ್ಕರಿಂದ ಐದರವರೆಗೆ ನಾನು ಈ ತುದಿಯಲ್ಲಿ ಇರುತ್ತೇನೆ.

ನಿನ್ನ,
ಮೂರನೇ ಬೆಂಚಿನವನು