ಸೀಲ್ಡ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸರ್ವೀಸ್ ಕ್ರಮದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಸೀಲ್ಡ್, ಎಂದರೆ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಇಲ್ಲದ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಫೋರ್ ವೀಲ್ ಡ್ರೈವ್ ವಾಹನಗಳ ಗೇರ್‌ಬಾಕ್ಸ್ ಆಯಿಲ್ ಬದಲಾವಣೆಯನ್ನು, ಬೆಳಿಗ್ಗೆ ತಂದು ಸಂಜೆ ಒಯ್ಯುವ ಕೆಲಸವಾಗಿ ಬರುವ ಸೋಮವಾರದಿಂದ ನಾವು ಮಾಡುವುದಿಲ್ಲ. ವಾಹನವನ್ನು ಹಿಂದಿನ ದಿನ ಸಂಜೆ ಐದು ಗಂಟೆಯೊಳಗೆ ನಮ್ಮ ಶೆಡ್ಡಿನಲ್ಲಿ ಬಿಟ್ಟು ಮರುದಿನ ಮಧ್ಯಾಹ್ನದ ಮೇಲೆ ಒಯ್ಯಬೇಕು, ಮತ್ತು ಸುಮಾರು ಸಾವಿರ ಕಿಲೋಮೀಟರ್ ಓಡಿದ ಬಳಿಕ ಇದೇ ರೀತಿ ಇನ್ನೊಮ್ಮೆ ಬಿಡಬೇಕು. ಇದುವರೆಗೆ 2,200 ರೂಪಾಯಿ ಇದ್ದ ಲೇಬರ್ ಚಾರ್ಜ್, ಎರಡೂ ಸಲದ ಕೆಲಸ ಸೇರಿ 3,800 ರೂಪಾಯಿ ಆಗಲಿದೆ. ಆಯಿಲ್, ಗ್ಯಾಸ್ಕೆಟ್, ಫಿಲ್ಟರ್ ಮತ್ತು ವಾಷರ್‌ಗಳು ಹಿಂದಿನಂತೆ ಅಚ್ಚಾದ ದರದಲ್ಲೇ ಬಿಲ್ಲಿಗೆ ಬರುತ್ತವೆ. ದಿನಕ್ಕೆ ಇಂಥ ಒಂದೇ ವಾಹನವನ್ನು ತೆಗೆದುಕೊಳ್ಳುತ್ತೇವೆ.

ಈ ಪತ್ರಕ್ಕಿಂತ ಮೊದಲೇ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ನಾಲ್ಕೈದು ಮಂದಿ ಬೇಸರದಿಂದ ಫೋನ್ ಮಾಡಿದ್ದಾರೆ. ಹೆದ್ದಾರಿ ಅಗಲ ಮಾಡುವಾಗ ಹಳೆಯ ಜಾಗ ಬಿಟ್ಟು ಒಳಗೆ ಬಂದ ದಿನಗಳಲ್ಲೂ ನಮ್ಮ ಕೈಬಿಡದವರು ನೀವು. ನಿಮಗೆ ಫೋನಿನಲ್ಲಿ ಅರೆಬರೆ ಉತ್ತರ ಕೊಟ್ಟದ್ದಕ್ಕೆ ಕ್ಷಮೆ ಕೇಳುತ್ತೇನೆ, ಪೂರ್ತಿ ಉತ್ತರ ಇಲ್ಲಿದೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. ಕಳೆದ ಜನವರಿಯಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ, ಒಂದು ಫಾರ್ಚ್ಯೂನರ್ ಶಿರಾಡಿ ಘಾಟಿ ಹತ್ತಿ ನೇರವಾಗಿ ನಮ್ಮ ಲಿಫ್ಟಿಗೆ ಬಂತು. ಸಂಜೆಯೊಳಗೆ ಬೇಕೇಬೇಕೆಂದು ಮಾಲೀಕರು ಕೇಳಿದರು, ನಾವೂ ಒಪ್ಪಿಕೊಂಡೆವು. ಎರಡು ಗಂಟೆ ತಣಿಯಲು ಬಿಟ್ಟೆವಾದರೂ ಅದು ಸಾಕಾಗಿರಲಿಲ್ಲ. ಸ್ಕ್ಯಾನರಿನಲ್ಲಿ ಆಯಿಲಿನ ಉಷ್ಣತೆ ಎಂಬತ್ತು ಡಿಗ್ರಿಯ ಹತ್ತಿರ ಇರುವಾಗಲೇ, ಆಯಿಲಿನ ಮಟ್ಟ ನೋಡುವ ಲೆವೆಲ್ ಪ್ಲಗ್ ಬಿಚ್ಚಿ, ಧಾರೆ ನಿಂತು ಹನಿಯಾದದ್ದನ್ನು ನೋಡಿ, ಸರಿಯಾಯಿತೆಂದು ಮುಚ್ಚಿದೆವು. ಲಿಫ್ಟಿನ ಒಂದು ತೋಳು ತುಸು ತಗ್ಗಿದ್ದದ್ದೂ ಅಂದು ನಮ್ಮ ಗಮನಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅದೇ ವಾಹನ ತೋಟದ ಏರಿನಲ್ಲಿ ನಿಂತುಬಿಟ್ಟಿತು: ಡಿ ಹಾಕಿದರೆ ಎರಡು ಮೂರು ಸೆಕೆಂಡು ಅಲುಗಾಡದೆ, ಆಮೇಲೆ ದಡಕ್ಕನೆ ಹೊರಡುತ್ತಿತ್ತು. ಹೋಗಿ ನೋಡಿದರೆ ಅರ್ಧ ಲೀಟರಿಗಿಂತ ತುಸು ಹೆಚ್ಚೇ ಆಯಿಲ್ ಕಡಿಮೆಯಿತ್ತು. ನಮ್ಮದೇ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟೆವು, ಗೇರ್‌ಬಾಕ್ಸಿಗೆ ಹಾನಿಯಾಗಿರಲಿಲ್ಲ. ಆ ಮಾಲೀಕರು ಒಂದು ಗಡಸು ಮಾತನ್ನೂ ಆಡಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಇಷ್ಟು ವರ್ಷ ಈ ಕೈಗಳನ್ನು ನಂಬಿ ವಾಹನ ಬಿಟ್ಟವರಿಗೆ ನಾವು ಅವಸರದ ಕೆಲಸ ಕೊಟ್ಟಿದ್ದೆವು.

ರಾತ್ರಿಯಿಡೀ ಏಕೆ ಬಿಡಬೇಕೆಂಬುದಕ್ಕೆ ಕಾರಣ ಇಲ್ಲಿಯೇ ಇದೆ. ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಎಂಜಿನ್ ಆಯಿಲಿಗೆ ಇರುವಂತೆಯೇ ಒಂದು ಡಿಪ್‌ಸ್ಟಿಕ್ ಇರುತ್ತಿತ್ತು. ಒರೆಸಿ, ಅದ್ದಿ, ಗೆರೆ ನೋಡಿದರೆ ಮುಗಿಯಿತು. ಸೀಲ್ಡ್ ಗೇರ್‌ಬಾಕ್ಸಿನಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅದರ ಬದಲು ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯಾದ ಪ್ಯಾನಿನೊಳಗೆ ಒಂದು ನಿಗದಿತ ಎತ್ತರದ ಕೊಳವೆಯೋ ರಂಧ್ರವೋ ಇದ್ದು, ಎಂಜಿನ್ ಓಡುತ್ತಿರುವಾಗ, ವಾಹನ ಸಮತಟ್ಟಾಗಿರುವಾಗ, ಆಯಿಲ್ ಒಂದು ನಿಗದಿತ ಉಷ್ಣತೆಯಲ್ಲಿರುವಾಗ ಅದರಿಂದ ಹೊರಬೀಳುವ ಧಾರೆ ಹನಿಯಾಗಿ ಇಳಿದರೆ ಮಾತ್ರ ಅಳತೆ ಸರಿ. ನಿಖರವಾದ ಅಂಕಿ ಮಾದರಿಯಿಂದ ಮಾದರಿಗೆ ಬೇರೆಯಾದರೂ ನಮ್ಮಲ್ಲಿಗೆ ಬರುವ ಹೆಚ್ಚಿನ ವಾಹನಗಳಲ್ಲಿ ಅದು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದೆ. ಹತ್ತು ಲೀಟರ್ ಆಯಿಲ್ 40ರಿಂದ 80 ಡಿಗ್ರಿಗೆ ಬಿಸಿಯಾದರೆ ಕಾಲು ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಬಿಸಿಯಲ್ಲಿ ಅಳೆದರೆ ಆ ಹಿಗ್ಗಿದ ಪಾಲು ಹೊರಗೆ ಹರಿದುಹೋಗಿ, ತಣಿದ ಮೇಲೆ ಅಷ್ಟೂ ಕೊರತೆ ಬೀಳುತ್ತದೆ. ಘಾಟಿ ಹತ್ತಿ ಬಂದ ಗೇರ್‌ಬಾಕ್ಸ್ ಆ ಉಷ್ಣತೆಗೆ ಇಳಿಯಲು ರಾತ್ರಿಯೇ ಬೇಕು. ಬೆಳಿಗ್ಗೆ ತಣ್ಣಗಿರುವ ಎಂಜಿನನ್ನು ಸ್ಟಾರ್ಟ್ ಮಾಡಿ, ಪಿ, ಆರ್, ಎನ್, ಡಿ ಎಂದು ಪ್ರತಿ ಸ್ಥಾನದಲ್ಲೂ ಕೆಲವು ಕ್ಷಣ ನಿಲ್ಲಿಸಿ, ಸ್ಕ್ಯಾನರಿನ ಮೇಲೆ ಕಣ್ಣಿಟ್ಟು ಕುಳಿತರೆ ಸರಿಯಾದ ಉಷ್ಣತೆ ಕೆಲವೇ ನಿಮಿಷ ಸಿಗುತ್ತದೆ. ಆ ನಿಮಿಷಗಳಲ್ಲಿ ನಮ್ಮ ಹುಡುಗರನ್ನು ಬೇರೆ ಯಾವ ಕೆಲಸಕ್ಕೂ ಕರೆಯಬಾರದೆಂಬುದು ಈಗಿನ ನಿಯಮ. ಲಿಫ್ಟಿನ ಮೇಲೆ ರಸಮಟ್ಟ ಇಟ್ಟು ನೋಡದೆ ಪ್ಲಗ್ ಮುಟ್ಟಬಾರದೆಂಬುದು ಇನ್ನೊಂದು.

ಎರಡನೆಯ ಭೇಟಿಯ ಲೆಕ್ಕ ಸರಳವಾಗಿದೆ. ಪ್ಯಾನಿನ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲೂ ಕೆಳಗೆ ಬರುವುದಿಲ್ಲ; ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್, ಗೇರ್ ಬದಲಿಸುವ ವಾಲ್ವ್ ಬಾಡಿ ಮತ್ತು ಕೂಲರಿನ ಪೈಪುಗಳಲ್ಲಿ ಹೆಚ್ಚಿನ ಪಾಲು ಉಳಿಯುತ್ತದೆ. ಹತ್ತು ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ನಾಲ್ಕು ಲೀಟರ್ ಬಂತೆಂದು ಇಟ್ಟುಕೊಂಡರೆ ಆರು ಲೀಟರ್ ಹಳೆಯದೇ ಇರುತ್ತದೆ. ಇನ್ನೊಮ್ಮೆ ಅಷ್ಟೇ ಬದಲಾಯಿಸಿದರೆ ಹಳೆಯದು 3.6 ಲೀಟರಿಗೆ ಇಳಿಯುತ್ತದೆ. ಒಂದೇ ಸಲಕ್ಕೆ ಬಿಟ್ಟುಬಿಟ್ಟು ಅದನ್ನು ಪೂರ್ತಿ ಸರ್ವೀಸ್ ಎಂದು ಬಿಲ್ಲಿನಲ್ಲಿ ಬರೆಯುವುದು ನನಗೆ ಇನ್ನು ಸಾಧ್ಯವಿಲ್ಲ. ಒತ್ತಡ ಹಾಕಿ ಒಳಗೆಲ್ಲ ತೊಳೆಯುವ ಫ್ಲಶಿಂಗ್ ಯಂತ್ರವನ್ನು ನಾವು ತರಿಸುತ್ತಿಲ್ಲ, ಕೇಳಿದವರಿಗೆ ಇದೇ ಉತ್ತರ.

ಇನ್ನು, ನಾನು ಕೌಂಟರಿನಲ್ಲಿ, ಚಹಾದಂಗಡಿಯಲ್ಲಿ, ಮದುವೆ ಮನೆಗಳಲ್ಲಿ ಕೂಡ ಕೇಳಿದ ಮಾತಿಗೆ ಬರುತ್ತೇನೆ. ‘ಸೀಲ್ಡ್ ಗೇರ್‌ಬಾಕ್ಸ್, ಜೀವನಪೂರ್ತಿ ಆಯಿಲ್ ಎಂದು ಶೋರೂಮಿನವರೇ ಹೇಳುತ್ತಾರೆ. ಮುಚ್ಚಿರುವುದನ್ನು ಇವರು ಬಿಚ್ಚುವುದು ದುಡ್ಡಿಗಾಗಿ’ ಎಂಬ ಮಾತು ಅದು. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಈ ಮಾತು ಸರಿಯಲ್ಲ.

ಸೀಲ್ಡ್ ಎಂಬುದರ ಅರ್ಥ ಡಿಪ್‌ಸ್ಟಿಕ್ ಇಲ್ಲ ಎಂಬುದಷ್ಟೇ. ಅದರೊಳಗಿನ ಆಯಿಲ್ ಹಳೆಯದಾಗುವುದಿಲ್ಲ ಎಂದಲ್ಲ. ಗೇರ್‌ಬಾಕ್ಸಿಗೆ ಫಿಲ್ ಪ್ಲಗ್, ಲೆವೆಲ್ ಪ್ಲಗ್, ಡ್ರೈನ್ ಪ್ಲಗ್ ಇಟ್ಟವರು ತಯಾರಕರೇ; ಎಂದೂ ಬಿಚ್ಚಬಾರದಾಗಿದ್ದರೆ ಅವುಗಳ ಅಗತ್ಯವೇ ಇರಲಿಲ್ಲ. ಅದು ಗಾಳಿಯಾಡದ ಪೆಟ್ಟಿಗೆಯೂ ಅಲ್ಲ, ಉಸಿರಾಡಲು ಬ್ರೀದರ್ ಇದೆ. ಬಿಸಿಯಾಗಿ ಓಡಿದ ಗೇರ್‌ಬಾಕ್ಸ್ ಮಳೆಗಾಲದಲ್ಲಿ ತೋಟದ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಬ್ರೀದರ್ ಪೈಪು ಜಾರಿದ್ದರೆ ಬರುವುದು ನೀರು. ನೀರು ಬೆರೆತ ಆಯಿಲ್ ಗುಲಾಬಿ ಬಣ್ಣದ ಹಾಲಿನಂತಾಗುತ್ತದೆ. ಅದನ್ನು ಕಣ್ಣಾರೆ ಕಂಡವರು ನಿಮ್ಮಲ್ಲೇ ಇಬ್ಬರಿದ್ದಾರೆ.

ತಯಾರಕರ ಮಾತನ್ನೇ ನೋಡಿ. ಲ್ಯಾಂಡ್ ರೋವರ್ ಮತ್ತು ಬಿಎಂಡಬ್ಲ್ಯೂ ವಾಹನಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್ ಎಫ್ ಸಂಸ್ಥೆ, ತನ್ನ ಗೇರ್‌ಬಾಕ್ಸುಗಳ ಆಯಿಲನ್ನು ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಎಂಟು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ತಾನೇ ಹೇಳಿದೆ. ನಿಮ್ಮ ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ಕಠಿಣ ಬಳಕೆ ಎಂಬ ಪುಟವಿದ್ದರೆ ಒಮ್ಮೆ ಬಿಡಿಸಿ ಓದಿ: ಭಾರ ಎಳೆಯುವುದು, ಧೂಳಿನ ರಸ್ತೆ, ಕೆಟ್ಟ ರಸ್ತೆ, ಮತ್ತೆ ಮತ್ತೆ ಸಣ್ಣ ಓಡಾಟ. ಸಕಲೇಶಪುರದ ತೋಟದ ವಾಹನಕ್ಕೆ ಇದು ಅಪರೂಪದ ದಿನವಲ್ಲ, ವರ್ಷದ ಹೆಚ್ಚಿನ ದಿನಗಳು ಹೀಗೆಯೇ. ಲೋ ರೇಂಜಿನಲ್ಲಿ, ಮೊದಲ ಎರಡು ಗೇರುಗಳಲ್ಲಿ, ಚೀಲ ತುಂಬಿಕೊಂಡು ಏರು ಹತ್ತುವಾಗ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಆಯಿಲನ್ನು ಕಡೆಯುತ್ತಲೇ ಇರುತ್ತದೆ. ಕಡೆದಷ್ಟೂ ಬಿಸಿ, ಬಿಸಿಯಾದಷ್ಟೂ ಆಯಿಲ್ ತನ್ನ ಗುಣವನ್ನು ಬೇಗ ಕಳೆದುಕೊಳ್ಳುತ್ತದೆ. ಹೆದ್ದಾರಿಯಲ್ಲಿ ಮಾತ್ರ ಓಡಾಡುವವರ ಲೆಕ್ಕವನ್ನು ನಮ್ಮ ಊರಿನ ವಾಹನಕ್ಕೆ ಹಚ್ಚಬಾರದೆಂದು ನಾನು ಹೇಳುವುದು ಇದಕ್ಕೇ.

ನಂಬಿಕೆ ಬಾರದವರು ದಯವಿಟ್ಟು ಪ್ಯಾನ್ ಬಿಚ್ಚುವ ಹೊತ್ತಿಗೆ ಬಂದು ಪಕ್ಕದಲ್ಲಿ ನಿಲ್ಲಿ. ಫಿಲ್ ಪ್ಲಗ್ ಸಡಿಲವಾಗುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ನಾವು ಡ್ರೈನ್ ಪ್ಲಗ್ಗಿಗೆ ಕೈ ಹಾಕುತ್ತೇವೆ. ಹಳೆಯದನ್ನು ಸುರಿದುಬಿಟ್ಟು ತುಂಬುವ ದಾರಿ ತೆರೆಯದೆ ಹೋದರೆ ವಾಹನ ಲಿಫ್ಟಿನ ಮೇಲೆಯೇ ಉಳಿಯುತ್ತದೆ. ಫಾರ್ಚ್ಯೂನರಿನಂಥ ಟೊಯೋಟಾ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳಿಗೆ ಹಾಕುವ ಡಬ್ಲ್ಯೂಎಸ್ ಆಯಿಲ್ ಡಬ್ಬಿಯಿಂದ ಬರುವಾಗ ಕೆಂಪಗೆ, ತಿಳಿಯಾಗಿರುತ್ತದೆ. ಒಂದು ಲಕ್ಷ ಕಿಲೋಮೀಟರ್ ತೋಟದಲ್ಲಿ ಓಡಿದ ವಾಹನದಿಂದ ಬರುವುದು ಕಷಾಯದ ಬಣ್ಣ. ಪ್ಯಾನಿನ ತಳದಲ್ಲಿ ಕೂತ ಅಯಸ್ಕಾಂತಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಕಟ್ಟಿರುತ್ತದೆ, ಬೆರಳಲ್ಲಿ ಉಜ್ಜಿದರೆ ಕಾಡಿಗೆಯಂತೆ ಹತ್ತುತ್ತದೆ. ಇದು ಸಹಜ ಸವೆತ, ಹೆದರಬೇಕಾಗಿಲ್ಲ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಕಥೆ ಬೇರೆ. ಆಗ ನಾವು ಹೊಸ ಆಯಿಲ್ ತುಂಬಿ ಕಳಿಸುವುದಿಲ್ಲ, ನಿಮ್ಮನ್ನು ಕೂರಿಸಿಕೊಂಡು ಮಾತನಾಡುತ್ತೇವೆ. ಒಂದೂವರೆ ಲಕ್ಷ ದಾಟಿಯೂ ಒಮ್ಮೆಯೂ ಬದಲಾಯಿಸದ, ಈಗಾಗಲೇ ಗೇರ್ ಜಾರುತ್ತಿರುವ ಎರಡು ವಾಹನಗಳನ್ನು ಈ ವರ್ಷವೇ ಕೆಲಸ ಮಾಡದೆ ವಾಪಸು ಕಳಿಸಿದ್ದೇವೆ. ಕ್ಲಚ್ ಪ್ಲೇಟೇ ಸವೆದಿರುವಾಗ ಆಯಿಲಿನ ದುಡ್ಡು ಪಡೆಯುವುದು ಸರಿಯೆನಿಸಲಿಲ್ಲ. ದುಡ್ಡಿಗಾಗಿ ಬಿಚ್ಚುವವರಾಗಿದ್ದರೆ ಆ ಎರಡನ್ನೂ ಬಿಚ್ಚುತ್ತಿದ್ದೆವು.

ಖರ್ಚಿನ ವಿಷಯದಲ್ಲಿ ನಮ್ಮ ಮೇಲೆ ಬರುವ ಆರೋಪ ನನಗೆ ನಿಜವಾಗಿಯೂ ನೋವು ಕೊಟ್ಟಿದೆ. ಬಿಲ್ಲಿನ ಕೊನೆಯ ಮೊತ್ತ ನೋಡಿ ಎಲ್ಲವೂ ಗ್ಯಾರೇಜಿಗೆ ಸೇರಿತೆಂದು ತಿಳಿಯುತ್ತಾರೆ. ಆ ಬಿಲ್ಲಿನ ದೊಡ್ಡ ಸಾಲು ಆಯಿಲಿನದು, ಅದರ ಬೆಲೆ ನಮ್ಮ ಕೈಯಲ್ಲಿಲ್ಲ. ಆಯಿಲಿನ ಮೇಲೂ ಲೇಬರ್ ಮೇಲೂ ಶೇಕಡ 18ರಷ್ಟು ಜಿಎಸ್‌ಟಿ ಇದೆ, ಅದು ನಮ್ಮ ಮೂಲಕ ಸರ್ಕಾರಕ್ಕೆ ಹೋಗುತ್ತದೆ. ಬೇರೆ ಕಡೆ ಅರ್ಧ ಬೆಲೆಗೆ ಯಾವುದೋ ಕೆಂಪು ಆಯಿಲ್ ಹಾಕಿಕೊಡುತ್ತಾರೆಂದು ಕೆಲವರು ಹೇಳಿದ್ದಾರೆ. ಕೆಂಪಗಿರುವುದೆಲ್ಲ ಒಂದೇ ಅಲ್ಲ: ಟೊಯೋಟಾದಲ್ಲೇ ಹಳೆಯ ಟಿ ಫೋರ್ ದಪ್ಪ, ಡಬ್ಲ್ಯೂಎಸ್ ತೆಳು, ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. 2020ರಲ್ಲಿ ಬಂದ ಹೊಸ ಥಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಐಸಿನ್ ಕಂಪನಿಯದು, ಅದಕ್ಕೂ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಬೇಕು. ನಾವು ಡಬ್ಬಿಯ ಸೀಲನ್ನು ನಿಮ್ಮ ಎದುರಿಗೇ ಒಡೆಯುತ್ತೇವೆ. ಖಾಲಿ ಡಬ್ಬಿಗೆ ತೂತು ಹೊಡೆದೇ ಗುಜರಿಗೆ ಹಾಕುತ್ತೇವೆ, ಏಕೆಂದರೆ ಚೆನ್ನಾಗಿರುವ ಖಾಲಿ ಡಬ್ಬಿ ನಕಲಿ ಆಯಿಲಿನವರ ಕೈಗೆ ಹೋಗುವುದನ್ನು ನಾವು ಬಲ್ಲೆವು.

ಬಿಲ್ಲಿನಲ್ಲಿ ಕಾಣದ ಖರ್ಚುಗಳೂ ಇವೆ. ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಬಿಡುವಂತಿಲ್ಲ. ಬಿಟ್ಟರೆ ಅದು ಹೇಮಾವತಿಗೇ ಸೇರುತ್ತದೆ. ಡ್ರಮ್ಮಿನಲ್ಲಿ ತುಂಬಿಟ್ಟು, ನೋಂದಾಯಿತ ಮರುಬಳಕೆದಾರರಿಗೆ ಲೆಕ್ಕ ಬರೆದು ಕೊಡಬೇಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಲಿಫ್ಟ್ ಇಳಿಸಲು ಜನರೇಟರ್ ಓಡಿಸಬೇಕು. ಸ್ಕ್ಯಾನರಿಗೆ ಪ್ರತಿ ವರ್ಷ ಹೊಸ ಮಾದರಿಗಳ ಮಾಹಿತಿಯನ್ನು ದುಡ್ಡು ಕೊಟ್ಟು ತುಂಬಿಸಬೇಕು. ಒಂದು ರಾತ್ರಿ ಒಂದು ವಾಹನ ಲಿಫ್ಟನ್ನು ಹಿಡಿದುಕೊಂಡರೆ ಬೆಳಿಗ್ಗೆ ಬರಬಹುದಾಗಿದ್ದ ಎರಡು ಬ್ರೇಕ್ ಕೆಲಸ ಬೇರೆಡೆಗೆ ಹೋಗುತ್ತದೆ. ಹೆಚ್ಚಾಗಿರುವ 1,600 ರೂಪಾಯಿಯಲ್ಲಿ ಇವೆಲ್ಲ ತೂಗುವುದಿಲ್ಲ, ಆದರೂ ಅದಕ್ಕಿಂತ ಹೆಚ್ಚು ಕೇಳಲು ಮನಸ್ಸು ಒಪ್ಪಲಿಲ್ಲ.

ಹಿಂದುಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಹಿಂದುಮುಂದಿನ ಡಿಫರೆನ್ಷಿಯಲ್‌ಗಳ ಆಯಿಲ್ ಬದಲಾವಣೆ ಹಿಂದಿನಂತೆ ಅದೇ ದಿನ, ಅದೇ ದರದಲ್ಲಿ ಆಗುತ್ತದೆ. ಹಳ್ಳ ದಾಟಿದವರು ಮಳೆಗಾಲ ಮುಗಿದ ಕೂಡಲೇ ಅವನ್ನು ಒಮ್ಮೆ ತೋರಿಸಿದರೆ ಒಳ್ಳೆಯದು.

ವಾಹನವಿಲ್ಲದೆ ಒಂದು ರಾತ್ರಿ ಕಳೆಯುವುದು ತೋಟದಲ್ಲಿ ಒಂಟಿಯಾಗಿರುವ ಹಿರಿಯರಿಗೆ ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಅಂಥವರು ಮೊದಲೇ ತಿಳಿಸಿದರೆ ನಾನೇ ಸಂಜೆ ಬಂದು ವಾಹನ ಒಯ್ದು, ಮರುದಿನ ತಂದು ಮುಟ್ಟಿಸುತ್ತೇನೆ, ಇದಕ್ಕೆ ಬೇರೆ ಶುಲ್ಕವಿಲ್ಲ. ಈ ಜನವರಿಯಿಂದ ಇಲ್ಲಿಯವರೆಗೆ ನಮ್ಮಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿಕೊಂಡ ಹನ್ನೊಂದು ವಾಹನಗಳ ಪಟ್ಟಿ ನನ್ನ ಮೇಜಿನ ಮೇಲಿದೆ. ಅವೆಲ್ಲವನ್ನೂ ರಾತ್ರಿ ತಣಿಯಲು ಬಿಟ್ಟು, ಸರಿಯಾದ ಉಷ್ಣತೆಯಲ್ಲಿ ಮತ್ತೊಮ್ಮೆ ಅಳೆದು, ಕೊರತೆಯಿದ್ದರೆ ನಮ್ಮ ಖರ್ಚಿನಲ್ಲೇ ತುಂಬಿಕೊಡುತ್ತೇವೆ. ಐದು ವಾಹನಗಳು ಈಗಾಗಲೇ ಬಂದು ಹೋಗಿವೆ. ಉಳಿದ ಆರು ಮಂದಿಗೆ ಈ ವಾರ ಫೋನ್ ಮಾಡುತ್ತೇನೆ. ಮಾಡುವುದರೊಳಗೆ ಬರಲು ಅನುಕೂಲವಿದ್ದರೆ ಹಿಂದಿನ ಸಂಜೆಯೇ ಬಿಟ್ಟುಹೋಗಿ, ಬೀಗದ ಕೈ ಕೌಂಟರಿನಲ್ಲಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಗ್ಯಾರೇಜಿನ ಮಾಲೀಕ,
ಸಕಲೇಶಪುರ