ವೇಷ ಕಳಚಿದ ಮೇಲೆ ಬಸ್ ಸ್ಟ್ಯಾಂಡ್ ತನಕ

ಪ್ರೀತಿಯ ತಂಗಿ,

ನಿನ್ನ ಲೇಖನ ಎರಡು ಸಲ ಓದಿದೆ, ಉಡುಪಿಯಿಂದ ಮಂಗಳೂರಿಗೆ ಬರುವಾಗ ಬಸ್ಸಲ್ಲಿ ಒಮ್ಮೆ, ಮನೆಗೆ ಬಂದು ಪೆನ್ಸಿಲ್ ಹಿಡ್ಕೊಂಡು ಇನ್ನೊಮ್ಮೆ. ಚಂದ ಬರ್ದಿದ್ದಿ. ಆದ್ರೆ ಯಕ್ಷಗಾನದಲ್ಲಿ ಗಂಡಸರು ಹಾಕುವ ಸ್ತ್ರೀವೇಷ ನೋಡಿದ್ರೆ ಅಮೆರಿಕದ ಚಿಂತಕಿ ಜುಡಿತ್ ಬಟ್ಲರ್ ಅರ್ಥ ಆಗ್ತಾಳೆ, ಜೆಂಡರ್ (ಸಮಾಜ ಹೇಳುವ ಹೆಣ್ಣುತನ, ಗಂಡುತನ) ಅಂದ್ರೆ ಒಂದು ವೇಷ ಅಂತ ಬರ್ದಿದ್ದಿ ಅಲ್ವಾ, ಅಲ್ಲಿ ನಾನು ನಿಂತೆ.

ಬಟ್ಲರ್ ಹೇಳಿದ್ದು ಅದಲ್ಲ ಮಾರಾಯ್ತಿ. 1990ರಲ್ಲಿ ಅವರ 'ಜೆಂಡರ್ ಟ್ರಬಲ್' ಪುಸ್ತಕ ಬಂದಾಗ ತುಂಬಾ ಜನ ಹಾಗೇ ಓದಿದ್ರು, ಕೊನೆಗೆ 1993ರ 'ಬಾಡೀಸ್ ದಟ್ ಮ್ಯಾಟರ್'ನಲ್ಲಿ ಅವರೇ ಬಿಡಿಸಿ ಹೇಳ್ಬೇಕಾಯ್ತು, ಬೆಳಿಗ್ಗೆ ಎದ್ದು ಕಪಾಟಿಂದ ಬಟ್ಟೆ ಆರಿಸಿದ ಹಾಗೆ ಜೆಂಡರ್ ಆರಿಸ್ಲಿಕ್ಕೆ ಆಗುದಿಲ್ಲ ಅಂತ. ವೇಷ ಆದ್ರೆ ಬೆಳಗಿನ ಜಾವ ಚೌಕಿಯಲ್ಲಿ, ಅಂದ್ರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಬಣ್ಣ ತೆಗೆದ್ರೆ ಮುಗೀತು. ಜೆಂಡರ್ ಚೌಕಿಯೇ ಇಲ್ಲದ ಆಟ. ಕಾಲು ಮಡಚಿ ಕೂತ್ಕೊ, ಜೋರು ನಗ್ಬೇಡ, ಕತ್ತಲಾಗುವ ಮೊದ್ಲು ಬಾ ಅಂತ ದಿನಾ ಕೇಳಿ ಕೇಳಿ, ಹಾಗೇ ಮಾಡಿ ಮಾಡಿ ನಾವು ಹೆಣ್ಣಾಗ್ತೇವೆ, ಮತ್ತೆ ಅದು ಹುಟ್ಟಿನಿಂದ್ಲೇ ಬಂದದ್ದು ಅಂತ ನಮಗೇ ಅನ್ನಿಸ್ತದೆ. (ಅಂದ ಹಾಗೆ ಬಟ್ಲರ್‌ಗೆ 'ಅವಳು' ಅಂತ ಹಾಕ್ಬೇಡ. ಅವರು ತನಗೆ ಗಂಡು ಹೆಣ್ಣು ಎರಡೂ ಅಲ್ಲದ ಸರ್ವನಾಮ ಬಳಸ್ತಾರೆ, ನಮ್ಮಲ್ಲಿ 'ಅವರು' ಉಂಟಲ್ಲ.)

ಸ್ತ್ರೀವೇಷ ಅಂದ್ರೆ ನಂಗೆ ನೆನಪಾಗುದು ಬೇರೆ. ನಾನು ಸಣ್ಣವಳಿರುವಾಗ ಊರಿಗೆ ಬರ್ತಿದ್ದ ಮೇಳದಲ್ಲಿ ಒಬ್ರಿದ್ರು, ರಾತ್ರಿ ದಮಯಂತಿಯಾಗಿ ಬಂದ್ರೆ ನಮ್ಮಜ್ಜಿ ಸೆರಗಲ್ಲಿ ಕಣ್ಣೊರೆಸ್ತಿದ್ರು, ಮರುದಿನ ಅವರೇ ಲುಂಗಿ ಉಟ್ಟು ಮೀನು ಮಾರ್ಕೆಟಿಗೆ ಬಂದ್ರೆ ರಾತ್ರಿ ಚಪ್ಪಾಳೆ ಹೊಡೆದ ಹುಡುಗ್ರೇ ಅವರ ನಡಿಗೆ ನೋಡಿ ಹಿಂದಿಂದ ಕೂಗುದು. ರಂಗಸ್ಥಳದಲ್ಲಿ ಆ ನಡಿಗೆ ಕಲೆ, ಪೇಟೆಯಲ್ಲಿ ತಪ್ಪು. ಅವರು ತಲೆ ಎತ್ತದೆ ಬಂಗುಡೆ ಆರಿಸ್ತಿದ್ದದ್ದು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗುಂಟು. ನಿನ್ನ ಲೇಖನ ಇರ್ಬೇಕಾದ್ದು ಅಲ್ಲಿ. ಹೆಣ್ಣು ಗಂಡಿನ ಸಿದ್ಧ ಚೌಕಟ್ಟನ್ನೇ ಪ್ರಶ್ನಿಸುವ ಅಧ್ಯಯನಕ್ಕೆ 1990ರಲ್ಲಿ ತೆರೇಸಾ ದೆ ಲೌರೆಟಿಸ್ ಅನ್ನುವ ವಿದ್ವಾಂಸೆ ಕ್ವಿಯರ್ ಥಿಯರಿ ಅಂತ ಹೆಸರಿಟ್ಟ ಮೇಲೆ ಅದು ಕೇಳ್ತಾ ಬಂದದ್ದು ಇದನ್ನೇ, ಇವನು ಯಾಕೆ ಹೀಗೆ ಅಂತ ಅಲ್ಲ, ಕೂಗುವವ್ರು 'ಸರಿ' ಆದದ್ದು ಹೇಗೆ ಅಂತ.

ಸ್ತ್ರೀವಾದಕ್ಕೂ ಈ ಥಿಯರಿ ಪೆಟ್ಟು ಕೊಟ್ಟಿತು, ಬೇಕಾದ ಪೆಟ್ಟೇ. ನಾವು ಹೆಂಗಸರು ಅಂತ ಒಂದೇ ಉಸಿರಲ್ಲಿ ಹೇಳ್ತೇವಲ್ಲ, ಆ ನಾವು ಯಾರು? ನಮ್ಮ ತುಳುನಾಡಿನ ಅಳಿಯಕಟ್ಟಲ್ಲಿ ಆಸ್ತಿ ಬರ್ತಿದ್ದದ್ದು ತಾಯಿಯ ವಂಶದಲ್ಲಿ, ಯಜಮಾನಿಕೆ ಇದ್ದದ್ದು ಹೆಚ್ಚಾಗಿ ಸೋದರಮಾವನ ಕೈಲಿ. ಅಂಥ ಗುತ್ತಿನ ಮನೆಯ, ಅಂದ್ರೆ ದೊಡ್ಡ ಜಮೀನ್ದಾರಿ ಮನೆಯ ಹೆಣ್ಣು, ಅವಳ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟವಳು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವಳು, ಮಂಗಳಮುಖಿ, ಎಲ್ರಿಗೂ ಒಂದೇ ಅಳತೆಯ ರವಿಕೆ ಹೊಲಿಲಿಕ್ಕೆ ಆಗ್ತದಾ? ಇದನ್ನು ನಿನ್ನ ಲೇಖನ ಮುಟ್ಲೇ ಇಲ್ಲ.

ದೀಪಾವಳಿ ಕಳೆದ ಮೇಲೆ ಮೇಳದ ತಿರುಗಾಟ ಸುರು ಆಗ್ತದೆ. ಚೌಕಿಗೆ ಹೋಗು, ಅವರಾಗಿ ಮಾತಾಡಿದ್ರೆ ಮಾತ್ರ ಬರ್ಕೊ, ಹೆಸರು ಹಾಕ್ಬೇಡ. ಮತ್ತೆ ಬೆಳಿಗ್ಗೆ ಬಣ್ಣ ತೆಗೆದ ಮೇಲೆ ಬಸ್ ಸ್ಟ್ಯಾಂಡ್ ತನಕ ಅವರ ಜೊತೆ ನಡ್ಕೊಂಡು ಹೋಗು.

ನಿನ್ನ ಅಕ್ಕ